ಹಗ್ಗ ಬಿಟ್ಟು ಹದಿಮೂರು ಔನ್ಸ್

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ
ತಕ್ಕಡಿಯ ಹಿಂದೆ ನಿಂತ ಕೈ ಇದು.
ಲಕೋಟೆ ಹಿಡಿದರೆ ಸಾಕು,
ಎಷ್ಟರ ಚೀಟಿ ಹಚ್ಚಬೇಕೆಂದು ಬೆರಳೇ ಹೇಳುತ್ತದೆ.
ಹಾಗಾಗಿ ಎಮರಿ ಬೋಶಾಂ ತನ್ನ ಅಂಗಡಿಯಲ್ಲಿ
ಕಾರ್ಬನ್ನಿನ ಹತ್ತುಗೋಲೊಂದನ್ನು ನನ್ನ ಅಂಗೈಗಿಟ್ಟು
"ಹೇಗಿದೆ ಐಲಿ, ಗಾಳಿ ಹಿಡಿದ ಹಾಗಿಲ್ಲವೆ?" ಎಂದಾಗ
"ನಿನ್ನ ಗಾಳಿ ಹದಿನಾರು ಔನ್ಸಿನ ಮೇಲಿದೆ" ಎಂದೆ.
"ಡಬ್ಬದ ಮೇಲೆ ಹದಿಮೂರು ಅಂತ ಬರೆದಿದೆಯಲ್ಲ!"
ಬರೆದದ್ದು ನಿಜ. ಅದರ ಕೆಳಗೆ
ಇರುವೆ ಸಾಲಿನಂಥ ಅಕ್ಷರದಲ್ಲಿ:
ಹಗ್ಗ ಬಿಟ್ಟು.

ಹಗ್ಗ ಬಿಟ್ಟರೆ
ಕೋಲಿಗೂ ಮರಕ್ಕೂ ಯಾವ ನಂಟು, ಎಮರಿ?

ಹತ್ತುಗೋಲು ಎಂಬ ಹೆಸರೇನೋ ಸರಿ, ಬೇಕಾದದ್ದು ನಾಲ್ಕೇ.
ಒಂದನ್ನು ಕಾಂಡಕ್ಕೆ ಬಿಗಿದು
ಅದರ ಮೇಲೆ ನಿಂತು ಇನ್ನೊಂದನ್ನು ಬಿಗಿಯುತ್ತ
ಹದಿನೆಂಟು ಅಡಿ ಮೇಲೆ, ಹೆಮ್ಲಾಕ್ ಕೊಂಬೆಗಳ ಮರೆಯಲ್ಲಿ
ಚಾಪೆಯಷ್ಟೂ ಅಗಲವಿಲ್ಲದ ಅಟ್ಟಣೆ,
ಬಿಲ್ಲು, ನಾನು,
ಸುಪೀರಿಯರ್ ಸರೋವರ ಕಳಿಸುವ ಗಾಳಿ.

ಹಳೆಯವು ಉಕ್ಕಿನವು. ನಾಲ್ಕೂ ಸೇರಿ ಹದಿನೇಳು ಪೌಂಡು.
ಪಾತ್ರೆ ಅಂಗಡಿಯನ್ನೇ ಬೆನ್ನಿಗೆ ಹೊತ್ತ ಹಾಗೆ.
ಒಂದಕ್ಕೊಂದು ತಗುಲಿ ಒಮ್ಮೆ ಟಣ್ ಎಂದರೆ
ಜೌಗಿನಾಚೆಯ ಜಿಂಕೆಗೆ ನಾನು ಬಂದ ಸುದ್ದಿ
ರಿಜಿಸ್ಟರ್ಡ್ ಅಂಚೆಯಲ್ಲೇ ತಲುಪಿದಂತೆ.
ಮೇಲಾಗಿ ಈಗೀಗ ಮಂಡಿ
ಒಂದೊಂದು ಮೆಟ್ಟಿಲಿಗೂ ರಸೀದಿ ಕೇಳುತ್ತದೆ.

ಎಮರಿ ಗಾಜಿನ ಕಪಾಟು ತೆರೆದು ಟೈಟಾನಿಯಂ ತೋರಿಸಿದ.
ಕಾಸಿಗೆ ತಕ್ಕ ಕಜ್ಜಾಯ ಎಂದು ಕೇಳಿದ್ದೆ;
ಇಲ್ಲಿ ಕಜ್ಜಾಯ ಸಣ್ಣದಾದಷ್ಟೂ ಕಾಸು ಹೆಚ್ಚು.
"ಟೈಟಾನಿಯಂ ನಮ್ಮ ಮನೆಯಲ್ಲಿ ಆಗಲೇ ಇದೆ" ಎಂದೆ.
ಅವನು ನಗಲಿಲ್ಲ. ಊರಿಗೆಲ್ಲ ಗೊತ್ತು,
ಅದಿರುವುದು ನನ್ನ ಅರ್ವಿಡ್‌ನ ಸೊಂಟದಲ್ಲಿ.

ಹೋದ ನವೆಂಬರ್. ಉಕ್ಕಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು,
ಒಂಬತ್ತು ಬೇಸಿಗೆ ಬಿಸಿಲುಂಡ ಪಟ್ಟಿ ಎಳೆಎಳೆಯಾಗಿತ್ತು,
ಹನ್ನೊಂದು ಅಡಿ.
ಎದೆಗೆ ಕಟ್ಟಿಕೊಳ್ಳುವ ರಕ್ಷಾಪಟ್ಟಿಯನ್ನು
ಎರಡು ಪೌಂಡು ಸುಮ್ಮನೆ ಯಾಕೆಂದು
ಗಾಡಿಯಲ್ಲೇ ಬಿಟ್ಟು ಹೋಗಿದ್ದ.

ಬೀಗ ಹಾಕಿದ ಮೇಲೆ ಅಂಚೆಕಚೇರಿಯ ತಕ್ಕಡಿಗೆ
ಒಂದೊಂದು ಮಾದರಿಯನ್ನೂ ಏರಿಸಿದೆ, ಹಗ್ಗ, ಕೊಂಡಿ ಸಮೇತ.
ಕೆಂಪು ಅಂಕಿ ಮುಲಾಜು ನೋಡುವುದಿಲ್ಲ.
ಮನೆಗೆ ಬಂದು ನನ್ನ ಚೀಲವನ್ನೂ ಸುರಿದೆ:
ಎರಡನೆಯ ಚಾಕು, ಮೂರನೆಯ ಕೈಗವಸು,
ಯಾವ ಕಾಲದ್ದೋ ಬ್ಯಾಟರಿಗಳು, ಥರ್ಮಾಸು.
ಎರಡೂವರೆ ಪೌಂಡು, ಬಿಡಿಗಾಸಿಲ್ಲದೆ ಇಳಿಯಿತು.
ಥರ್ಮಾಸನ್ನು ಮತ್ತೆ ಒಳಗಿಟ್ಟೆ.

ಕೊನೆಗೆ ಕೊಂಡದ್ದು ಅಲ್ಯೂಮಿನಿಯಂ,
ಹಗ್ಗ ಸೇರಿ ಇಪ್ಪತ್ತೆರಡು ಔನ್ಸ್ ಒಂದೊಂದೂ.
ಸದ್ದು ಬಾರದಿರಲೆಂದು ಅಂಚಿಗೆಲ್ಲ
ಮೊಮ್ಮಗಳ ಹಾಕಿ ದಾಂಡಿನ ಬಟ್ಟೆಪಟ್ಟಿ ಸುತ್ತಿದೆ.
ಹಿತ್ತಲ ಮೇಪಲ್‌ಗೆ, ಮಂಡಿಯೆತ್ತರಕ್ಕೆ ಬಿಗಿದು
ಮೇಲೆ ನಿಂತು ಜಗ್ಗಿ ನೋಡಿದೆ.
ಕುರ್ಚಿಯಲ್ಲಿ ಕೂತ ಅರ್ವಿಡ್
"ಇನ್ನೂ ಜೋರಾಗಿ ಕುಣಿ" ಎಂದ.
ಕುಣಿದೆ. ಪಕ್ಕದ ಮನೆಯ ಕಿಟಕಿ ಪರದೆ ಅಲುಗಿತು.

ಅಕ್ಟೋಬರ್, ಮೊದಲ ಶನಿವಾರ.
ಕಾಂಡ ಬಳಸಿದ ಹಗ್ಗ ನನ್ನ ಸೊಂಟಕ್ಕೆ,
ಎರಡು ಪೌಂಡಿನ ಪಟ್ಟಿ ನನ್ನ ಎದೆಗೆ,
ನೆಲದಿಂದ ನೆಲದವರೆಗೂ ಬಿಚ್ಚಲಿಲ್ಲ.
ಒಂದು ಹೆಣ್ಣು ಜಿಂಕೆ ಬಂತು, ಹಿಂದೆ ಅದರ ಮರಿ,
ಸೇಬಿನ ಗಿಡದ ಕೆಳಗೆ ಬಹಳ ಹೊತ್ತು ತಿಂದವು.
ಬಿಲ್ಲೆತ್ತುವಷ್ಟರಲ್ಲಿ ಗಾಳಿ ತಿರುಗಿತು.
ಹೋದವು.

ಕತ್ತಲಲ್ಲಿ ಗಾಡಿಯ ಬಳಿ ಬಂದೆ.
ಅರ್ವಿಡ್ ಕಿಟಕಿ ಇಳಿಸಿ ಚೀಲ ನೋಡಲಿಲ್ಲ,
ಬಿಲ್ಲು ನೋಡಲಿಲ್ಲ. "ಎಷ್ಟು ವಾಪಸು?" ಎಂದ.
"ಐದು" ಎಂದೆ, "ನನ್ನನ್ನೂ ಸೇರಿಸಿ."