ರಜಾದಾಗಿನ ಯಾದಿ

ಪರೀಕ್ಷೆ ಮುಗಿದ ಮರುದಿನ ಮೆಸ್ಸು
ತಾಟು ಬೋರಲು ಹಾಕಿ ಮಲಗಿತು.
ಟ್ರಂಕು, ಹಾಸಿಗಿ ಸುರುಳಿ, ಅರ್ಧ ಡಬ್ಬಿ ಶೇಂಗಾ ಚಟ್ನಿ
ಹೊತಗೊಂಡು ಹುಡುಗ್ಯಾರು
ಹಳೇ ಬಸ್‌ಸ್ಟ್ಯಾಂಡಿನ ಇಳಿಜಾರು ಇಳಿದು ಹೋದರು.
ಧಾರವಾಡದಾಗ ಉಳಿದದ್ದು ನಾನು, ವಾಚ್‌ಮನ್ ದ್ಯಾವಪ್ಪ,
ಮತ್ತ ಈ ಯಾದಿ.

ಅರವತ್ತೆಂಟು ಹೆಸರು. ಎಲ್ಲಾರದೂ ಒಂದ ಮನಿ ನಂಬರ.
ಜನವರಿ ಥಂಡ್ಯಾಗ ಮೆಸ್ಸಿನ ಕಟ್ಟಿ ಮ್ಯಾಲ ಕುಂತು
ಫೋಟೋ ಅಂಟಿಸಿ ಅರ್ಜಿ ತುಂಬಿಸಿದಾಕಿ ನಾನ.
"ಊರಾಗಾದ್ರ ಅಪ್ಪ ಹೇಳಿದವಗ ಒತ್ತಬೇಕು,
ಇಲ್ಲಿ ಹೆಸರು ಹಚ್ಚಿದ್ರ ನಮ್ಮ ಬೆರಳು ನಮ್ಮದು"
ಅಂತ ಭಾಷಣನೂ ಬಿಗಿದಿದ್ದೆ.
ಕ್ಯಾಲೆಂಡರ್ ನೋಡೂದೊಂದು ಮರತಿದ್ದೆ.
ಮತದಾನ ಬಂತು ರಜಾದ ನಟ್ಟನಡುವ,
ಮೇ ತಿಂಗಳ ಒಂದು ಮಂಗಳವಾರ.

ಹಿಂಗಾಗಿ ಫೋನು.

ಅಕ್ಷತಾ ಕಳಸದ, ಬೆಟಗೇರಿ.
ಮಗ್ಗದ ಸಪ್ಪಳ ದಾಟಿ ದನಿ ಬರೂದಕ್ಕ
ಎರಡು ಸಲ ಒದರಬೇಕಾತು.
"ಇಲ್ಲೇ ಬಾಜೂಕ ಶಾಲಿ ಐತಿ, ಇಲ್ಲೇ ಹಾಕ್ಲ್ಯಾ?"
ಇಲ್ಲವ್ವ, ನಿನ್ನ ಹೆಸರು ಇಲ್ಲಿ ಕುಂತೈತಿ, ನೀ ಅಲ್ಲಿ ಕುಂತೀದಿ.

ರೇಷ್ಮಾ ನದಾಫ, ಸವಣೂರು: ಅದ ದಿನ ಅಕ್ಕನ ನಿಕಾ.
ಭುವನಾ ಬಡಿಗೇರ, ಹಾನಗಲ್ಲಿನ ಆಚೆ ಒಂದು ಹಳ್ಳಿ:
"ಯಾರು ಬಂದ್ರೇನು, ನಮ್ಮೂರಿಗೆ ದಿನಕ್ಕ ಒಂದ ಬಸ್ಸು."
ಆ ಒಂದು ಬಸ್ಸು ಹತ್ತಿ ಬಾ ಅಂದೆ.
ಫೋನು ಇಟ್ಟಳೋ, ರೇಂಜ್ ಹೋತೋ, ತಿಳೀಲಿಲ್ಲ.

ಸುಮಿತ್ರಾ ಲಮಾಣಿ, ಶಿರಹಟ್ಟಿ ತಾಂಡಾ.
ಎತ್ತಿದ್ದು ಗೋವಾದಾಗ, ಕಟ್ಟಡದ ಮೂರನೇ ಮಾಳಿಗಿ ಮ್ಯಾಲ.
"ದಿನಕ್ಕ ಆರನೂರು, ಲೇ. ಬಂದು ಹೋಗೂದಂದ್ರ ಮೂರು ದಿನ."
ಮನಸಿನ್ಯಾಗ ಗುಣಸಿದೆ.
ಪರೀಕ್ಷಾ ಫೀ ಆಗ್ತದ.
ಆಕಿ ಮುಂದ ನನ್ನ ಭಾಷಣ ಬಾಯಿ ತೆರೀಲಿಲ್ಲ.

ಅಣ್ಣಿಗೇರಿಯ ಒಬ್ಬಾಕಿ ಅಪ್ಪ ಕೇಳಿದ:
"ಹಾಸ್ಟೆಲ್ ಬಂದ್ ಐತಂತ. ಹುಡುಗಿ ರಾತ್ರಿ ಎಲ್ಲಿ ಮಲಗಬೇಕು?"
ಉತ್ತರ ನನ್ನ ಕಡೆ ಇರಲಿಲ್ಲ, ದ್ಯಾವಪ್ಪನ ಉಡದಾರಕ್ಕ ಜೋತಿತ್ತು.
ಅಂವ ಅಂದ, "ವಾರ್ಡನ್ ಮೇಡಂ ಹೇಳಬೇಕು."
ಮೇಡಂ ನವಲಗುಂದದಾಗ, ಚುನಾವಣಾ ಡ್ಯೂಟಿ ತರಬೇತಿಯಾಗ.
ರಾತ್ರಿ ಹನ್ನೊಂದಕ್ಕ ಮೆಸೇಜು ಬಂತು:
ಮಾಳಿಗಿ ತೆಗೀರಿ. ಗ್ಯಾಸ್ ಹಚ್ಚಬ್ಯಾಡ್ರಿ.

ಮತ್ತ ಮೊದಲಿಂದ ಶುರು ಮಾಡಿದೆ, ಈ ಸಲ ಭಾಷಣ ಇಲ್ಲ:
ಆಧಾರ್ ಕಾರ್ಡ್ ತರ್ರಿ.
ಬಸ್ಸಿಗೂ ಅದ ನಡೀತದ, ಬೂತಿಗೂ ಅದ ನಡೀತದ.

ಸೋಮವಾರ ಸಂಜಿಗೆ ಹನ್ನೊಂದು ಮಂದಿ.
ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನ್ಯಾಗ ನಿಂತ ಬಂದವರು,
ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಒಬ್ಬಾಕಿ ಕೈಯಾಗ
ಯಾಕೋ ಒಂದು ಕಲ್ಲಂಗಡಿ.
ಮಾಳಿಗಿ ಮ್ಯಾಲ ಚಾಪಿ ಹಾಸಿ,
ಯಾರಿಗೆ ಅಂತ ಜಗಳಾಡಿ, ಯಾರೂ ಹೇಳದ,
ಬೀಜ ಉಗುಳಿ ಉಗುಳಿ ನಕ್ಕೆವು.
"ನೀ ಯಾರಿಗೆ?" ಅಂದ್ರು.
ನಾ ಹುಟ್ಟಿದ್ದು ಜೂನ್ ಹತ್ತೊಂಬತ್ತು,
ಹದಿನೆಂಟಕ್ಕ ಇನ್ನೂ ಆರು ವಾರ.
"ಹಂಗಾರ ಇಷ್ಟೆಲ್ಲಾ..." ಅಂದಾಕಿ
ಮಾತು ಮುಗಸಲಿಲ್ಲ, ಒಂದು ಹೋಳು ನನ್ನ ಕಡೆ ಸರಿಸಿದಳು.

ಮುಂಜಾನೆ ಸಪ್ತಾಪುರದ ಶಾಲಿ.
ಪುಟ ತಿರುವಿ ತಿರುವಿ ಏಜೆಂಟ ಗಾಬರಿ ಆದನಂತ,
"ಒಂದ ಮನ್ಯಾಗ ಅರವತ್ತೆಂಟು ಹೆಣ್ಣಮಕ್ಕಳು!"
"ಕೂಡು ಕುಟುಂಬ ರೀ" ಅಂದಳಂತ ಅಕ್ಷತಾ.

ನಾ ಸುಣ್ಣದ ಗೆರಿ ಆಚೆ, ಬೇವಿನ ಗಿಡದ ಬುಡಕ.
ಒಳಗ ಫೋನು ಒಯ್ಯಂಗಿಲ್ಲ,
ಹನ್ನೊಂದೂ ನನ್ನ ಚೀಲದಾಗ.
ಒಂದು ಬಡಕೊಂಡಿತು, ಪರದೆ ಮ್ಯಾಲ "ಅಪ್ಪ."
ನಿಂತಿತು, ಮತ್ತ ಬಡಕೊಂಡಿತು, "ಅಪ್ಪ."
ಬಡಕೊಳ್ಳಲಿ ಅಂತ ಬಿಟ್ಟೆ.

ಆಮ್ಯಾಲ ನನ್ನದ ಫೋನು. ಗೋವಾ.
ಹಿಂದ ಕಾಂಕ್ರೀಟ್ ಕಲಸೂ ಸಪ್ಪಳ.
"ನಡದೈತೇನ? ಯಾದ್ಯಾಗ ನನ್ನ ಹೆಸರೈತೇನ?"
ಬಿಚ್ಚಿ ನೋಡಿದೆ. ನಲವತ್ತೊಂದನೇದು. ಐತಿ.
"ಬರೋಬ್ಬರಿ ಬರದಾರಾ? ಓದು."
ಓದಿದೆ.
"ಇನ್ನೊಮ್ಮೆ ಓದು, ಇಲ್ಲಿ ಸಪ್ಪಳ ಭಾಳ ಐತಿ" ಅಂದಳು.