ತೊಂಬತ್ತನೆಯ ದಿನದ ಫೋನು

ಪರೇಲಿನ ಆಸ್ಪತ್ರೆ, ಮೂರನೇ ಮಹಡಿ,
ಕೆಟ್ಟ ಕೂಲರಿನ ಪಕ್ಕ ನನ್ನ ಮೇಜು.
ಬದುಕಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ,
ಬರೆದುಕೊಳ್ಳುವುದಷ್ಟೇ ಕೆಲಸ.

ಹನ್ನೊಂದನೇ ಹಾಸಿಗೆಯ ದತ್ತಾರಾಮ ಖೋಪ್ಕರ್,
ಶಿವಡಿ ಧಕ್ಕೆಯಲ್ಲಿ ಕ್ರೇನ್ ನಡೆಸಿದವರು.
ಲಕೋಟೆ ಒಡೆದಾಗ ಬಂದದ್ದು ಎರಡನೇ ಗುಂಪು:
ದಿನಕ್ಕೊಮ್ಮೆ ನಿದ್ದೆಯ ಮದ್ದು ನಿಲ್ಲಿಸಿ
ಉಸಿರೆಣಿಸುವುದು.

ಅವರೇ ಎತ್ತಿದರು. ಒಂದು, ಬರೆದೆ.
"ನಡೀತೀರಾ?"
"ಸಂಡಾಸಿನ ತನಕ."
"ನಿದ್ದೆ?"
ಹಿಂದೆಲ್ಲೋ ಕುಕ್ಕರು ಕೂಗಿತು.

"ಮೇಡಂ, ಅದ್ಯಾವ ಭಾಷೆ,
ತಲೆಯ ಹತ್ತಿರ ನಿಂತು ಗುನುಗ್ತಿದ್ರಲ್ಲ?
ರಾತ್ರಿ ಎದೆ ಬಿಗಿದರೆ ನಾನೂ ಅದನ್ನೇ ಹೇಳ್ಕೋತೀನಿ,
ಹದಿನೇಳು, ಹದಿನೆಂಟು, ಹತ್ತೊಂಬತ್ತು...
ನೀವು ಅಲ್ಲಿಗೇ ನಿಲ್ಲಿಸ್ತಿದ್ರಿ.
ಆಮೇಲೇನು?"

ಅರ್ಜಿಯಲ್ಲಿಲ್ಲದ ಪ್ರಶ್ನೆ.
ಇಪ್ಪತ್ತು, ಎಂದೆ.

"ತಡೀರಿ," ಅಂದರು,
"ಪೆನ್ನು ಹುಡುಕ್ತೀನಿ."