ನಾಲ್ಕನೆಯ ಪ್ರತಿ

ಹೆಸ್ಟರ್, ಲೀಡ್ಸಿನಿಂದ ನಿನ್ನ ಲಕೋಟೆ ಮಂಗಳವಾರ ಬಂತು.
ಓದಿ ಮುಗಿಸಿ, ಸುಳ್ಳೇಕೆ,
ಕೈಯಲ್ಲಿದ್ದ ಲೋಟ ಕುಕ್ಕಿದೆ.
ಅವನಿಗೆ ಈಜು ಬರುತ್ತದೆಂದು ಯಾರು ಹೇಳಿದರು ನಿನಗೆ?

ಟೀವಿಯವರು ಕೊಟ್ಟದ್ದು ಒಂದು ಹೆಸರು, ಡ್ರೆವಿನ್,
ಒಂದು ಬೂದು ಅಂಗಿ,
ಒಂಬತ್ತನೇ ಕಂತಿನಲ್ಲಿ ಅರ್ಧ ನಿಮಿಷದ ಸಾವು.
ಬಾಗಿಲು ತೆರೆಯಿತು, ಹೋದ.
ಉಳಿದವರು ಹಡಗು ತಿರುಗಿಸಿ ಮುಂದಿನ ನಕ್ಷತ್ರಕ್ಕೆ ಹೊರಟರು,
ಒಂದು ದಿನದ ಸೂತಕವೂ ಇಲ್ಲದೆ.

ನನಗೆ ಹೊರಡಲಾಗಲಿಲ್ಲ.
ಡಂಡೀಯ ಈ ಗೋಣಿ ಗಿರಣಿಯ ಆಫೀಸಿನಲ್ಲಿ
ಐದೂವರೆಗೆ ಎಲ್ಲರೂ ಕೋಟು ತೊಟ್ಟು ಹೋದ ಮೇಲೆ
ಐದು ಹಾಳೆ, ನಡುವೆ ನಾಲ್ಕು ಕಾರ್ಬನ್.
(ಕಾರ್ಬನ್ ಯಾಕೋ ಬೇಗ ತೀರುತ್ತಿದೆ ಎಂದರು ಗಿಲ್‌ಕ್ರಿಸ್ಟ್ ಸಾಹೇಬರು.
ನಾನು ಕೆಮ್ಮಿದೆ.)
ಅವನಿಗೊಬ್ಬ ತಂಗಿಯನ್ನು ಕೊಟ್ಟೆ.
ಚಹಕ್ಕೆ ಚಿಟಿಕೆ ಉಪ್ಪು ಹಾಕುವ ಚಾಳಿ ಕೊಟ್ಟೆ.
ನೀರಿನ ಭಯ ಕೊಟ್ಟೆ. ಅದು ನನ್ನದೇ,
ಟೇ ನದಿಯಲ್ಲಿ ದೋಣಿ ಮಗುಚಿದ ದಿನದ್ದು.
ಬೇರೆಲ್ಲೂ ಇಡಲು ಜಾಗವಿರಲಿಲ್ಲ.

ನೀನೋ, ಒಂದೇ ಪುಟದಲ್ಲಿ ಅದನ್ನು ಕಿತ್ತು
ಅವನನ್ನು ಕೆರೆಗೆ ಧುಮುಕಿಸಿದೆ.

ಉತ್ತರಕ್ಕೆ ಕೂತೆ: ‘ನನ್ನ ಡ್ರೆವಿನ್‌ಗೆ’
ಅಲ್ಲೇ ಬೆರಳು ನಿಂತಿತು.
ನನ್ನ?
ಕಳೆದ ವರ್ಷವಷ್ಟೇ ಸ್ಟುಡಿಯೋದ ವಕೀಲರು ಬರೆದಿದ್ದರು:
ಪಾತ್ರಗಳೆಲ್ಲ ನಮ್ಮ ಸ್ವತ್ತು, ಕೂಡಲೇ ನಿಲ್ಲಿಸತಕ್ಕದ್ದು.
ಅಡುಗೆಮನೆಯ ಗೋಡೆಗೆ ಕೇಳಿದ್ದೆ ಆಗ,
ಸತ್ತವನನ್ನು ಬಿಸಾಕಿ ಹೋದವರು ನೀವು,
ಈಗ ಅವನೇನು ನಿಮ್ಮಪ್ಪನ ಮನೆ ಗಂಟೇ?
ಇಂದು ಅದೇ ವಕೀಲ
ನನ್ನ ಕುರ್ಚಿಯಲ್ಲಿ ಕೂತು ಟೈಪು ಮಾಡುತ್ತಿದ್ದ.

ಹಾಳೆ ಎಳೆದೆ. ನಿನ್ನ ಕತೆ ಮತ್ತೆ ಓದಿದೆ.
ಅವನು ಮುಳುಗಿದಾಗ ದಡದಲ್ಲಿ ತಂಗಿ
ಟವೆಲ್ ಹಿಡಿದು ಎಣಿಸುತ್ತಾಳೆ,
ಹನ್ನೊಂದು, ಹನ್ನೆರಡು,
ಹದಿಮೂರಕ್ಕೆ ದನಿ ನಡುಗಿ
ಮತ್ತೆ ಒಂದರಿಂದ.
ಆರು ವರ್ಷ ಅವಳ ಜೊತೆಗಿದ್ದೂ
ಅವಳು ಎಣಿಸುವುದನ್ನು ನಾನು ಕೇಳಿರಲಿಲ್ಲ.

ಈಜಿಗೆ ನಾನು ಒಪ್ಪಿಲ್ಲ, ತಿಳಿದುಕೋ.
ನನ್ನ ಕಡೆ ಅವನು ದಡದಲ್ಲೇ ಕೂರುತ್ತಾನೆ, ಬೂಟು ಬಿಚ್ಚದೆ.
ಆದರೆ ಆ ಎಣಿಕೆ ನನಗೆ ಬೇಕು.
ಇಷ್ಟು ದಿನ ಯಾರನ್ನೂ ಕೇಳದೆ ತೆಗೆದುಕೊಂಡವಳು,
ಕೇಳುವುದು ಹೇಗೆಂದೇ ಗೊತ್ತಾಗುತ್ತಿಲ್ಲ.

ಹೊಸ ಕತೆ ಇದರೊಳಗಿದೆ. ಉಳಿದದ್ದು ನಾಲ್ಕನೆಯ ಪ್ರತಿ, ಕ್ಷಮಿಸು.
ಅಕ್ಷರ ಮಸುಕು, ಕೆಲವೆಡೆ ಬರೀ ಕೀಲಿ ಒತ್ತಿದ ತಗ್ಗು.
ಕಾಣದ ಕಡೆ ನಿನಗೆ ತೋಚಿದಂತೆ ಓದಿಕೋ.

ಎಫಿ

ಮರೆತಿದ್ದೆ:
ಚಹದ ಉಪ್ಪು ಮಾತ್ರ ಮುಟ್ಟಬೇಡ.